‘ಫ’ ಎಂಬ ಹೆಸರು ಹೊತ್ತ ೞ: ತಪ್ಪು ಯಾರದು?

ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ.

ನಮ್ಮ ಬ್ಯಾಡಗಿ ತಾಲ್ಲೂಕಿನ ಒಂದು ಊರಿನ ಕೆರೆ ಏರಿಯ ಮೇಲೆ ತಲೆ ಮುರಿದ ದಾನಶಾಸನ ಒಂದಿದೆ. ಅರಸನ ಹೆಸರು, ಶಕವರ್ಷ ಇರಬೇಕಾದ ಭಾಗ ಒಡೆದು ಹೋಗಿದೆ. ಉಳಿದ ಮೊದಲ ಸಾಲಿನಲ್ಲಿ ‘ಆಳುತ್ತಮಿರೆ’ ಎಂಬ ಪದದ ಬಾಲ ಕಾಣುತ್ತದೆ. ಆಮೇಲೆ ಗದ್ದೆಯ ಲೆಕ್ಕ, ಎಲ್ಲೆಯ ವಿವರ, ಕೊನೆಗೆ ಶಾಪಾಶಯ. ಅದರ ಪಾಠವನ್ನು ಕೆಲವು ವರ್ಷಗಳ ಹಿಂದೆ ಕಂಪ್ಯೂಟರಿಗೆ ಏರಿಸಿದವನು ನಾನೇ.

ಹೋದ ವರ್ಷ ಅದರ ಕಾಲದ ಬಗ್ಗೆ ಮಾತು ಬಂತು. ನಾನು ಕಲ್ಲಿನ ಹತ್ತಿರ ಹೋಗದೆ ನನ್ನ ಕಡತ ತೆಗೆದು ಕೂತೆ. “ನೋಡ್ರಿ, ಇದರಾಗ ಒಂದೂ ೞ ಇಲ್ಲ. ಎಲ್ಲಾ ಳ ಆಗ್ಯಾವ. ಅಂದ್ರ ಇದು ತಡದ ಶಾಸನ” ಎಂದು ಧೈರ್ಯದಿಂದ ಹೇಳಿಬಿಟ್ಟೆ. ನನಗೆ ಶಾಸನ ಓದುವ ಗೀಳು ಹಿಡಿಸಿದ ನಿವೃತ್ತ ಕನ್ನಡ ಮಾಸ್ತರರು ಸುಮ್ಮನೆ ಕೇಳಿಸಿಕೊಂಡು, “ತಮ್ಮಾ, ಕಲ್ಲಿನಾಗ ಇಲ್ಲೋ, ನಿನ್ನ ಕಂಪ್ಯೂಟರಿನಾಗ ಇಲ್ಲೋ?” ಅಂದರು.

ಸಂಜೆ ಓರೆ ಬಿಸಿಲು ಬೀಳುವ ಹೊತ್ತಿಗೆ ಇಬ್ಬರೂ ಹೋದೆವು. ಕಲ್ಲಿನಲ್ಲಿ ‘ಗೞ್ದೆ’ ಎಂದು ಎರಡು ಸಲ, ‘ಅೞಿದ’ ಎಂದು ಒಂದು ಸಲ ಸ್ಪಷ್ಟವಾಗಿ ಕಂಡರಿಸಿದೆ. ‘ಆಳುತ್ತಮಿರೆ’ಯಲ್ಲಿ ಮಾತ್ರ ಳ. ಅಂದರೆ ಕಂಡರಿಸಿದವನಿಗೆ, ಅಥವಾ ಅವನಿಗೆ ಪಾಠ ಬರೆದು ಕೊಟ್ಟವನಿಗೆ, ಎಲ್ಲಿ ಯಾವ ಅಕ್ಷರ ಅನ್ನುವುದು ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೆ ಟೈಪ್ ಮಾಡುವಾಗ ನನ್ನ ಫಾಂಟು ೞ ಜಾಗದಲ್ಲಿ ಖಾಲಿ ಡಬ್ಬಿ ತೋರಿಸುತ್ತಿತ್ತು. “ಸದ್ಯಕ್ಕೆ ಳ ಹಾಕೋಣ, ಆಮೇಲೆ ತಿದ್ದಿದರಾಯಿತು” ಅಂದುಕೊಂಡಿದ್ದೆ. ಆ ‘ಆಮೇಲೆ’ ಬರಲೇ ಇಲ್ಲ. ಕಡತ ಮಾತ್ರ ನಾಲ್ಕಾರು ಜನರ ಕೈ ಸೇರಿತ್ತು. ಒಂದು ಕಾಲದ ಸಾಕ್ಷಿಯನ್ನು ನಾನೇ ಅಳಿಸಿ, ಅದಿಲ್ಲ ಎಂಬುದನ್ನೇ ಸಾಕ್ಷಿಯಾಗಿ ತೋರಿಸಿದ್ದೆ.

ಮನೆಗೆ ಬಂದವನು ಮೊದಲು ಮಾಡಿದ್ದು ಯೂನಿಕೋಡನ್ನು ಬೈಯುವ ಕೆಲಸ. ನಮ್ಮ ಗುಂಪಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ಆ ಬೈಗುಳ ಎಷ್ಟು ನ್ಯಾಯ, ಎಷ್ಟು ಅನ್ಯಾಯ ಎಂದು ತೂಗಿ ನೋಡುವುದು ಈ ಬರಹದ ಉದ್ದೇಶ.

ಮೊದಲು ಅಕ್ಷರದ ಮಾತು. ಇಲ್ಲಿನ ಓದುಗರಿಗೆ ಹೊಸದೇನಲ್ಲ, ಆದರೂ ಎದುರಿಗೆ ಇಟ್ಟುಕೊಂಡರೆ ಒಳ್ಳೆಯದು. ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಕೇಳ್ ಎಂಬುದರಲ್ಲಿ ಳ, ಪೇೞ್ ಎಂಬುದರಲ್ಲಿ ೞ. ಅಳಿ ಎಂದರೆ ದುಂಬಿ, ಅೞಿ ಎಂದರೆ ನಾಶ. ಐದನೇ ಶತಮಾನದ್ದೆಂದು ಸಾಮಾನ್ಯವಾಗಿ ಹೇಳುವ ಹಲ್ಮಿಡಿ ಶಾಸನದ ‘ಬಾಳ್ಗೞ್ಚು’ ಎಂಬ ಒಂದೇ ಪದದಲ್ಲಿ ಎರಡೂ ಇವೆ: ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆಯುವುದು. ನಮ್ಮ ದಾನಶಾಸನಗಳ ಸಾಮಾನ್ಯ ಮಾತನ್ನೇ ತೆಗೆದುಕೊಳ್ಳಿ. ಆರಂಭದಲ್ಲಿ ಅರಸ ಆಳುತ್ತಾನೆ, ಅಲ್ಲಿ ಳ. ಕೊನೆಯಲ್ಲಿ ಧರ್ಮವನ್ನು ಅೞಿದವನಿಗೆ ಶಾಪ, ಅಲ್ಲಿ ೞ. ಆಳುವವನದು ಒಂದು ಅಕ್ಷರ, ಅಳಿಸುವವನದು ಇನ್ನೊಂದು.

ಕಾಲ ಸರಿದಂತೆ ಈ ಭೇದ ಸವೆಯಿತು. ಸ್ವರದ ಮುಂದೆ ೞ ಹೋಗಿ ಳ ಆಯಿತು: ಮೞೆ ಮಳೆಯಾಯಿತು, ಕೋೞಿ ಕೋಳಿಯಾಯಿತು. ವ್ಯಂಜನದ ಮುಂದೆ ರ ಆಯಿತು: ಗೞ್ದೆ ಗರ್ದೆಯಾಗಿ ಗದ್ದೆಯಾಯಿತು. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳ ಎಂದು ವಿಂಗಡಿಸಿ, ರಳ ಅಂದರೆ ೞ ಬರುವ ಪದಗಳನ್ನು ಪಟ್ಟಿ ಮಾಡಿಕೊಟ್ಟ. ಜನ ತಪ್ಪು ಮಾಡುತ್ತಿದ್ದರು ಎಂಬುದಕ್ಕೆ ಆ ಪಟ್ಟಿಯೇ ಸಾಕ್ಷಿ. ಯಾರೂ ತಪ್ಪದ ವಿಷಯಕ್ಕೆ ಪಟ್ಟಿ ಯಾಕೆ ಬೇಕು? ಹಾಗಾಗಿ ಒಂದು ಶಾಸನದಲ್ಲಿ ೞ ಇದೆಯೇ, ಇದ್ದರೆ ಸರಿಯಾದ ಜಾಗದಲ್ಲಿದೆಯೇ, ರ ಆಗಿದೆಯೇ, ಳ ಆಗಿದೆಯೇ ಎಂಬ ಪ್ರಶ್ನೆಗಳಿಗೆ ಬೆಲೆ ಇದೆ. ಇದೊಂದರಿಂದಲೇ ಕಾಲ ನಿರ್ಣಯ ಆಗುವುದಿಲ್ಲ ನಿಜ. ಓದಿದ ಕವಿ ತಡದ ಕಾಲದಲ್ಲೂ ೞ ಬಿಡದೆ ಬರೆದಾನು. ಆದರೆ ತಕ್ಕಡಿಗೆ ಹಾಕುವ ಕಲ್ಲುಗಳಲ್ಲಿ ಇದೂ ಒಂದು.

ಈಗ ಯೂನಿಕೋಡ್. ಅಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ, ಒಂದು ಇಂಗ್ಲಿಷ್ ಹೆಸರು. ಎಂಜಿನಿಯರುಗಳು ಆ ಸಂಖ್ಯೆಯನ್ನು ಹದಿನಾರರ ಎಣಿಕೆಯಲ್ಲಿ ಬರೆಯುತ್ತಾರೆ. ನಾನಿಲ್ಲಿ ಎಲ್ಲರಿಗೂ ಗೊತ್ತಿರುವ ಹತ್ತರ ಎಣಿಕೆಯಲ್ಲೇ ಕೊಡುತ್ತೇನೆ. ರ 3248, ಱ 3249, ಲ 3250, ಳ 3251, ವ 3253. ನಡುವೆ 3252 ಎಲ್ಲಿ ಹೋಯಿತು? ಅದು ಖಾಲಿ. ೞ ಕೂರಬೇಕಾದ ಕುರ್ಚಿ ಅದು. ಅದರ ಜೊತೆಯವನಾದ ಱ ತನ್ನ ಜಾಗದಲ್ಲಿ ಸರಿಯಾಗಿ ಕೂತಿದ್ದಾನೆ. ೞ ಮಾತ್ರ ದೂರ ಹೋಗಿ 3294ರಲ್ಲಿ ಕೂತಿದೆ, ಅದೂ ‘ಕನ್ನಡ ಲೆಟರ್ ಎಫ್ಎ’ ಎಂಬ ಹೆಸರಿನಲ್ಲಿ. ಅಂದರೆ ಫ಼. 1993ರ 1.1ನೇ ಆವೃತ್ತಿಯಿಂದ ಇವತ್ತಿನವರೆಗೂ ಅದೇ ಹೆಸರು.

ಈ ಹೆಸರಿಗೂ ಜಾಗಕ್ಕೂ ಇರುವ ಸಂಬಂಧ ಪಟ್ಟಿ ನೋಡಿದರೆ ತಿಳಿಯುತ್ತದೆ. ಭಾರತದ ಲಿಪಿಗಳಿಗೆ 128 ಮನೆಗಳ ಒಂದೊಂದು ಓಣಿ ಕೊಟ್ಟಿದ್ದಾರೆ. ಎಲ್ಲ ಓಣಿಗಳಲ್ಲೂ ಒಂದೇ ಧ್ವನಿಯ ಅಕ್ಷರ ಹೆಚ್ಚುಕಡಿಮೆ ಒಂದೇ ನಂಬರಿನ ಮನೆಯಲ್ಲಿರುತ್ತದೆ. ಕನ್ನಡದ ಕ ಸಂಖ್ಯೆಗೆ 128 ಕೂಡಿಸಿದರೆ ಮಲಯಾಳದ ಕ ಸಿಗುತ್ತದೆ. ದೇವನಾಗರಿಯ ಫ಼ 2398, ಗುರುಮುಖಿಯ ಫ಼ 2654. ಇದೇ ಲೆಕ್ಕದಲ್ಲಿ ಕನ್ನಡದ ಓಣಿಗೆ ಬಂದರೆ ಸಿಗುವ ಮನೆ 3294. ಅಂದರೆ ನಮ್ಮ ೞ ಕೂತಿರುವುದು ಫ಼ದ ಮನೆಯಲ್ಲಿ, ಬಾಗಿಲ ಮೇಲಿರುವುದೂ ಫ಼ದ ಹೆಸರು. ಒಳಗಿರುವ ಆಸಾಮಿ ಮಾತ್ರ ಬೇರೆ.

ಇನ್ನು ಅಕ್ಕಪಕ್ಕದ ಓಣಿ ನೋಡಿ. ತಮಿಳಿನ ೞ 2996, ಮಲಯಾಳದ್ದು 3380. ಎರಡೂ ಅದದೇ ಮನೆ. ತೆಲುಗಿಗೆ ಈ ಅಕ್ಷರ ಸೇರಿದ್ದು ತಡವಾಗಿ, 2014ರ 7.0ನೇ ಆವೃತ್ತಿಯಲ್ಲಿ, ಆದರೂ ಸರಿಯಾದ ಮನೆಯೇ ಸಿಕ್ಕಿತು, 3124. ದಕ್ಷಿಣದ ಭಾಷೆಗಳನ್ನು ಬರೆದುಕೊಳ್ಳಲೆಂದು ದೇವನಾಗರಿಗೂ 2356ರಲ್ಲಿ ಒಂದು ೞ ಇದೆ. ಎಲ್ಲರಿಗೂ ಆ ಮನೆ ಇದೆ, ನಮಗೊಂದೇ ಅಲ್ಲಿ ಖಾಲಿ ಸೈಟು.

ಇದರ ಪರಿಣಾಮ ನೋಡಲು ನಾನೇ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಲಿಪಿ ಬದಲಿಸಲು 128 ಕೂಡಿಸು, ಅಷ್ಟೇ ಅದರ ಬುದ್ಧಿ. ‘ಬಾಳ್’ ಕೊಟ್ಟರೆ ಮಲಯಾಳ ಲಿಪಿಯಲ್ಲಿ ಬಾಳ್ ಬಂತು. ‘ಬಾೞ್’ ಕೊಟ್ಟೆ. 3294ಕ್ಕೆ 128 ಕೂಡಿದರೆ 3422. ಮಲಯಾಳದ ಓಣಿಯಲ್ಲಿ 3422ರಲ್ಲಿ ಇರುವುದು ಅಕ್ಷರವೇ ಅಲ್ಲ, ಐದನೇ ಒಂದು ಎಂಬ ಭಿನ್ನರಾಶಿಯ ಚಿಹ್ನೆ! ಬದುಕು ಅನ್ನುವ ಪದ ಒಂದೈದಂಶ ಆಗಿ ಹೊರಗೆ ಬಂತು. ಒಂದೇ ಸಂಖ್ಯೆಯಾಗಿ ಬರೆದಿರುವ ದೇವನಾಗರಿಯ ಫ಼ವನ್ನು ಇದೇ ರೀತಿ ಕನ್ನಡಕ್ಕೆ ತಂದರೆ ಫ಼ೋನ್ ಹೋಗಿ ‘ೞೋನ್’ ಆಗುತ್ತದೆ. ಸಂಖ್ಯೆಯ ಕ್ರಮದಲ್ಲೇ ಪದಗಳನ್ನು ಜೋಡಿಸಿದರೆ ೞದಿಂದ ಶುರುವಾಗುವ ತುಂಡುಗಳು ಹ ಮುಗಿದು, ಸ್ವರಚಿಹ್ನೆಗಳೂ ಮುಗಿದು, ಕಟ್ಟಕಡೆಗೆ ಹೋಗಿ ಬೀಳುತ್ತವೆ. ಬುದ್ಧಿವಂತಿಕೆಯಿಂದ ಬರೆದ ತಂತ್ರಾಂಶ ಇದನ್ನೆಲ್ಲ ಸರಿಪಡಿಸಿಕೊಳ್ಳುತ್ತದೆ. ಆದರೆ ನಮ್ಮಂಥ ಹವ್ಯಾಸಿಗಳು ಬರೆಯುವುದು ಇಂಥ ಚಿಕ್ಕ ಪ್ರೋಗ್ರಾಂಗಳನ್ನೇ.

ಇಷ್ಟು ಆದ ಮೇಲೆ ಸಿಟ್ಟು ಬರುವುದು ಸಹಜ. “ಹೆಸರು ಬದಲಿಸಿ, 3252ರಲ್ಲಿ ನಮ್ಮ ಜಾಗ ನಮಗೆ ಕೊಡಿ” ಎಂದು ಒಂದು ಅರ್ಜಿ ಬರೆದಿಟ್ಟುಕೊಂಡಿದ್ದೆ. ಅದನ್ನು ಕಳಿಸದೆ ಕೈಬಿಟ್ಟದ್ದು ಮಲಯಾಳದವರ ಕಥೆ ಓದಿದ ಮೇಲೆ.

ನನಗೆ ಜೀವಂತ ೞ ಮೊದಲು ಕೇಳಿಸಿದ್ದು ನಮ್ಮ ಮೆಣಸಿನಕಾಯಿ ಮಾರುಕಟ್ಟೆಯಲ್ಲೇ. ನಾನಲ್ಲಿ ತೂಕದ ಯಂತ್ರ, ಕಂಪ್ಯೂಟರ್ ರಿಪೇರಿ ಮಾಡುವವನು. ಬ್ಯಾಡಗಿ ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಗಳು ಕೇರಳದಲ್ಲಿವೆ, ಆ ಕಡೆಯ ಲಾರಿಗಳು ಬರುತ್ತಿರುತ್ತವೆ. ಒಮ್ಮೆ ಹರವಿದ ಕಾಯಿಯ ಮೇಲೆ ಹನಿ ಬೀಳತೊಡಗಿದಾಗ ಡ್ರೈವರ್ ಒಬ್ಬ “ಮೞ, ಮೞ” ಎಂದು ಕೂಗುತ್ತಾ ತಾಡಪಾಲು ಎಳೆಯಲು ಓಡಿದ. ಪುಸ್ತಕದಲ್ಲಿ ಮಾತ್ರ ನೋಡಿದ್ದ ಅಕ್ಷರ ಒಬ್ಬ ಮನುಷ್ಯನ ನಾಲಿಗೆಯ ಮೇಲೆ ಹೊರಳಿದ್ದು ಕೇಳಿ ನಾನು ಕಾಯಿ ಮುಚ್ಚುವುದು ಬಿಟ್ಟು ನಿಂತುಬಿಟ್ಟೆ. ಅವರಿಗೆ ಅದು ಬಳಕೆಯಲ್ಲಿರುವ ಅಕ್ಷರ. ಹಾಗಾಗಿ ಕಂಪ್ಯೂಟರಿನಲ್ಲಿ ತಮ್ಮ ಲಿಪಿಯ ಒಂದು ಕೊಂಕು ಹೆಚ್ಚುಕಮ್ಮಿಯಾದರೂ ಕೂಗುವವರು ಲಕ್ಷಾಂತರ ಜನ.

ಅವರು ಹೆಚ್ಚು ಕೂಗಾಡಿದ್ದು ಚಿಲ್ಲಕ್ಷರದ ವಿಷಯಕ್ಕೆ. ಸ್ವರವಿಲ್ಲದ ಕೆಲವು ವ್ಯಂಜನಗಳಿಗೆ ಮಲಯಾಳದಲ್ಲಿ ಬೇರೆಯದೇ ಆಕಾರ ಇದೆ, ಅದೇ ಚಿಲ್ಲು. ಅವನ್, ಅವಳ್, ಅವರ್ ಎಂಬ ಮೂರೂ ಪದಗಳು ಮುಗಿಯುವುದು ಚಿಲ್ಲಿನಲ್ಲೇ. ಮೊದಲು ಇದನ್ನು ಬರೆಯಲು ವ್ಯಂಜನ, ವಿರಾಮ, ಅದರ ಮೇಲೆ ಝೀರೋ ವಿಡ್ತ್ ಜಾಯಿನರ್ ಎಂಬ ಕಣ್ಣಿಗೆ ಕಾಣದ ಚಿಹ್ನೆ, ಹೀಗೆ ಮೂರು ತುಂಡು ಹಾಕಬೇಕಿತ್ತು. ಕಾಣದ ಚಿಹ್ನೆಯನ್ನು ಎಷ್ಟೋ ತಂತ್ರಾಂಶಗಳು ಕಸವೆಂದು ಗುಡಿಸಿಬಿಡುತ್ತವೆ. ಅದಕ್ಕೇ ಚಿಲ್ಲಿಗೆ ಸ್ವಂತ ಸಂಖ್ಯೆ ಬೇಕೆಂದು ಒಂದು ಗುಂಪು, ಬೇಡವೆಂದು ಇನ್ನೊಂದು ಗುಂಪು ವರ್ಷಗಟ್ಟಲೆ ವಾದ ಮಾಡಿದವು. ಕೊನೆಗೆ 2008ರ 5.1ನೇ ಆವೃತ್ತಿಯಲ್ಲಿ ಆರು ಚಿಲ್ಲುಗಳಿಗೆ ಸ್ವಂತ ಸಂಖ್ಯೆ ಬಂತು. ಆದರೆ ಅಷ್ಟರಲ್ಲಿ ಹಳೆಯ ರೀತಿಯಲ್ಲಿ ಬರೆದ ಬರಹ ಬೇಕಾದಷ್ಟು ಬೆಳೆದಿತ್ತು. ‘ಅವನ್’ ಎಂಬ ಪದಕ್ಕೆ ಎರಡು ಕಾಗುಣಿತ ಆಯಿತು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು, ಸಿಗಬೇಕಾದರೆ ತಂತ್ರಾಂಶ ಬರೆದವನು ಎರಡನ್ನೂ ನೆನಪಿಟ್ಟಿರಬೇಕು.

ಚಿಲ್ಲಿನ ವಾದದಲ್ಲಿ ಯಾರು ಸರಿ ಎಂಬ ತೀರ್ಪು ಕೊಡಲು ನಾನು ಹೋಗುವುದಿಲ್ಲ. ಅವರಿಗೆ ಬೇರೆ ಆಕಾರವಿತ್ತು, ಕಾಣದ ಚಿಹ್ನೆಯ ಕಾಟವಿತ್ತು; ಹೊಸ ಸಂಖ್ಯೆಗೆ ಕಾರಣವೂ ಇತ್ತು. ನಮಗೆ ಏನಿದೆ? ನಮ್ಮ ೞಕ್ಕೆ ಆಗಲೇ ಒಂದು ಸಂಖ್ಯೆ ಇದೆ, ಒಂದೇ ಒಂದು ಸಂಖ್ಯೆ ಇದೆ, ಅದು ಬೇರೆ ಯಾವ ಅಕ್ಷರದ ಜೊತೆಗೂ ಗೊಂದಲವಾಗುವುದಿಲ್ಲ. 3252ರಲ್ಲಿ ಇನ್ನೊಂದು ೞ ಕೊಟ್ಟ ದಿನದಿಂದ ‘ಗೞ್ದೆ’ಗೂ ಎರಡು ಕಾಗುಣಿತ. ಕೈಬೆರಳೆಣಿಕೆಯ ಜನ ಕಷ್ಟಪಟ್ಟು ೞ ಹಾಕಿ ಟೈಪ್ ಮಾಡಿದ ಪಾಠಗಳು ಆ ದಿನವೇ ಹಳೆಯದಾಗುತ್ತವೆ. ಕುರ್ಚಿಯ ಮರ್ಯಾದೆಗಾಗಿ ಮನೆ ಒಡೆದಂತೆ.

ಹೆಸರಿನ ವಿಷಯಕ್ಕೆ ಬಂದರೆ, ಯೂನಿಕೋಡಿನವರ ನಿಯಮ ಕಠಿಣ. 1996ರ 2.0ನೇ ಆವೃತ್ತಿಯಿಂದ ಈಚೆಗೆ ಯಾವ ಅಕ್ಷರದ ಹೆಸರನ್ನೂ ಬದಲಿಸುವುದಿಲ್ಲ, ತಪ್ಪಿದ್ದರೂ. ಒಂದು ಚಿಹ್ನೆಯ ಹೆಸರಿನಲ್ಲಿ ಬ್ರಾಕೆಟ್ ಎಂಬ ಇಂಗ್ಲಿಷ್ ಪದದ ‘ಸಿಕೆ’ ತಿರುಗಾಮುರುಗಾ ಆಗಿ ‘ಕೆಸಿ’ ಎಂದು ಕೂತಿದೆ; ಅದೂ ಹಾಗೇ ಉಳಿದಿದೆ. ಅದರ ಬದಲು ಅವರು ಮಾಡುವುದು ಒಂದೇ: ಪಕ್ಕದಲ್ಲಿ ಸರಿಯಾದ ಹೆಸರನ್ನು ಅಧಿಕೃತವಾಗಿ ದಾಖಲಿಸುತ್ತಾರೆ. ನಮ್ಮ ಅಕ್ಷರದ ಪಕ್ಕದಲ್ಲೂ ‘ಎಫ್ಎ ಎಂಬುದು ತಪ್ಪು, ಇದು ಎಲ್ಎಲ್ಎಲ್ಎ’ ಎಂಬ ಅರ್ಥದ ತಿದ್ದುಪಡಿ ಇದೆ.

ಈ ಕ್ರಮವನ್ನು ಆಡಿಕೊಳ್ಳುವವರನ್ನು ಕಂಡರೆ ನನಗೀಗ ಆಶ್ಚರ್ಯ. ಶಾಸನ ಓದುವ ನಾವು ಮಾಡುವುದೂ ಇದನ್ನೇ ಅಲ್ವೇನ್ರಿ? ರೂವಾರಿ ಒಂದು ಅಕ್ಷರ ಬಿಟ್ಟಿದ್ದರೆ ನಾವು ಉಳಿ ಹಿಡಿದು ಕಲ್ಲಿನ ಮೇಲೆ ತಿದ್ದುತ್ತೇವಾ? ಕಲ್ಲಲ್ಲಿ ಇದ್ದಂತೆ ಪಾಠ ಕೊಟ್ಟು, ‘ಹೀಗೆ ಓದಿ’ ಎಂದು ಕೆಳಗೆ ಟಿಪ್ಪಣಿ ಹಾಕುತ್ತೇವೆ. ಹಳೆಯ ಉಲ್ಲೇಖಗಳು ದಾರಿ ತಪ್ಪಬಾರದು ಅನ್ನುವುದು ಕಾರಣ. ಯೂನಿಕೋಡಿನವರ ಕಾರಣವೂ ಅದೇ. ‘ಎಫ್ಎ’ ಎಂಬುದು ಕಲ್ಲಿನ ತಪ್ಪು, ‘ಎಲ್ಎಲ್ಎಲ್ಎ’ ಎಂಬುದು ಸಂಪಾದಕರ ಟಿಪ್ಪಣಿ. ಟಿಪ್ಪಣಿ ಓದದೆ ಕಲ್ಲನ್ನು ಬೈಯುವುದು ನಮ್ಮ ಶಿಸ್ತಿಗೆ ಒಪ್ಪುವ ಮಾತಲ್ಲ.

ಹಾಗಂತ ಯೂನಿಕೋಡಿಗೆ ಪೂರ್ತಿ ಮಾಫಿ ಇಲ್ಲ. ಮೊದಲೇ ಒಬ್ಬ ಹಳಗನ್ನಡ ಬಲ್ಲವರಿಗೆ ಆ ಪಟ್ಟಿ ತೋರಿಸಿದ್ದರೆ ಐದು ನಿಮಿಷದ ಕೆಲಸ. ಆದರೆ ಆ ತಪ್ಪಿನಿಂದ ಒಂದೇ ಒಂದು ಶಾಸನದ ಒಂದೇ ಒಂದು ೞವೂ ಕಳೆದುಹೋಗಿಲ್ಲ. ಹೆಸರು ಏನೇ ಇರಲಿ, 3294 ಬರೆದರೆ ೞ ಉಳಿಯುತ್ತದೆ. ಕಳೆದುಹೋಗುವುದು 3294 ಬರೆಯಬೇಕಾದಲ್ಲಿ 3251 ಬರೆದಾಗ. ಅದನ್ನು ಬರೆಯುವವರು ನಾವು.

ಎಲ್ಲೆಲ್ಲಿ ಕಳೆಯುತ್ತೇವೆ ಅನ್ನುವುದನ್ನು ಹೇಳುತ್ತೇನೆ. ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗ ಮೊದಲು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಈ ಕಡೆಯ ಶಾಸನ ಹುಡುಕುವವರು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳನ್ನು, ಅಂದರೆ 11, 15, 18 ಮತ್ತು 20ನ್ನು, ತೆರೆಯಲೇಬೇಕು. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ೞಕ್ಕೆ ಬೇರೆ ಮೊಳೆ ಮಾಡಿಸಿದ ಹಿರಿಯರು ನಮಗಿದ್ದರು. ಇವತ್ತು ಮೊಳೆ ಪುಕ್ಕಟೆ, ಒಂದು ಸಂಖ್ಯೆ ಅಷ್ಟೇ. ಆದರೂ ಅಂಥ ಪುಟದಿಂದ ನಕಲು ಮಾಡುವಾಗ ಫಾಂಟು ಡಬ್ಬಿ ತೋರಿಸಿತೆಂದು ಳ ಹಾಕುತ್ತೇವೆ. ೞ, ಱ ಎರಡೂ ಅಪರೂಪವಾದ್ದರಿಂದ ಹೊಸಬರು ಒಂದರ ಬದಲು ಇನ್ನೊಂದನ್ನು ಒತ್ತುತ್ತಾರೆ. ರೋಮನ್ ಲಿಪಿಯ ಪಾಠದಲ್ಲಿ ಎಲ್ ಅಕ್ಷರದ ಕೆಳಗೆ ಚುಕ್ಕೆ ಇದ್ದರೆ ಳ, ಗೀಟು ಇದ್ದರೆ ೞ. ಸ್ಕ್ಯಾನ್ ಮಾಡಿ ಯಂತ್ರದಿಂದ ಓದಿಸುವಾಗ ಚುಕ್ಕೆಯೂ ಹೋಗುತ್ತದೆ, ಗೀಟೂ ಹೋಗುತ್ತದೆ. ಇನ್ನು ಕೆಲವರು “ಓದುಗರಿಗೆ ಕಷ್ಟ” ಎಂದು ಬೇಕೆಂತಲೇ ಹೊಸಗನ್ನಡದ ಕಾಗುಣಿತಕ್ಕೆ ತಿರುಗಿಸುತ್ತಾರೆ. ಇದು ಎಲ್ಲಕ್ಕಿಂತ ಅಪಾಯ, ಯಾಕಂದರೆ ಇಲ್ಲಿ ತಪ್ಪು ಕಾಣುವುದೇ ಇಲ್ಲ. ಡಬ್ಬಿ ಇದ್ದರೆ ‘ಏನೋ ಇತ್ತು’ ಅನ್ನುವುದಾದರೂ ಗೊತ್ತಾಗುತ್ತದೆ. ಳ ಇದ್ದರೆ ಅನುಮಾನವೇ ಬರುವುದಿಲ್ಲ.

ಮಾರುಕಟ್ಟೆಯವರಿಗೆ ಇದನ್ನು ಒಂದೇ ಮಾತಲ್ಲಿ ಹೇಳಬಹುದು. ಡಬ್ಬಿ ಕಾಯಿ, ಕಡ್ಡಿ ಕಾಯಿ ಎರಡೂ ಬ್ಯಾಡಗಿ ಮೆಣಸಿನಕಾಯಿಯೇ. ಬೇರೆ ಬೇರೆ ಚೀಲದಲ್ಲಿದ್ದರೆ ಬೇಕಾದಾಗ ಕೂಡಿಸಬಹುದು. ಒಂದೇ ಚೀಲಕ್ಕೆ ಸುರಿದು ಪುಡಿ ಮಾಡಿಸಿದ ಮೇಲೆ ಬೇರೆ ಮಾಡಿ ತೋರಿಸಿ ನೋಡೋಣ. ೞವನ್ನು ಳ ಮಾಡುವ ಪ್ರೋಗ್ರಾಂ ಒಂದು ಸಾಲಿನದು. ಳವನ್ನು ತಿರುಗಿ ೞ ಮಾಡಲು ಪ್ರೋಗ್ರಾಂ ಇಲ್ಲ. ಕಲ್ಲಿನ ಹತ್ತಿರವೇ ಹೋಗಬೇಕು, ಕಲ್ಲು ಅಲ್ಲಿಯವರೆಗೆ ಉಳಿದಿದ್ದರೆ.

ಹಾಗಾಗಿ ನಾನೀಗ ಪಾಲಿಸುವ ಕ್ರಮ ಇದು. ಮೂಲಪಾಠದ ಕಾಲಂನಲ್ಲಿ ಕಲ್ಲಿನಲ್ಲಿ ಇರುವ ಅಕ್ಷರವೇ. ಹೊಸಗನ್ನಡ ರೂಪ ಬೇಕಿದ್ದರೆ ಪಕ್ಕದ ಕಾಲಂನಲ್ಲಿ. ೞವೋ ಳವೋ ಸವೆದು ತಿಳಿಯದಿದ್ದರೆ ಆವರಣದಲ್ಲಿ ಹಾಕಿ ಅನುಮಾನ ಎಂದೇ ಗುರುತಿಸುವುದು. ಕೆಲಸ ಶುರು ಮಾಡುವ ಮೊದಲು ‘ಬಾಳ್ ಬಾೞ್ ಗೞ್ದೆ ಕೆಱೆ’ ಎಂಬ ನಾಲ್ಕು ಪದ ಟೈಪ್ ಮಾಡಿ ಫಾಂಟು ಪರೀಕ್ಷಿಸುವುದು. ಒಂದಕ್ಕೆ ಡಬ್ಬಿ ಬಂದರೂ ಫಾಂಟು ಬದಲಿಸುವುದು, ಅಕ್ಷರ ಬದಲಿಸುವುದಿಲ್ಲ. ಹುಡುಕುವವರಿಗೆ ಸುಲಭವಾಗಲೆಂದು ‘ಅಳಿದ’ ಎಂದು ಹುಡುಕಿದರೂ ‘ಅೞಿದ’ ಸಿಗುವ ಹಾಗೆ ಮಾಡಿದ್ದೇನೆ. ಆ ಸಡಿಲಿಕೆ ಹುಡುಕಾಟದಲ್ಲಿ ಮಾತ್ರ, ಸಂಗ್ರಹದಲ್ಲಿ ಇಲ್ಲ.

ಈ ಶಿಸ್ತು ೞಕ್ಕೆ ಮಾತ್ರ ಬೇಕಾದದ್ದಲ್ಲ. 2021ರ 14.0ನೇ ಆವೃತ್ತಿಯಲ್ಲಿ ಕನ್ನಡಕ್ಕೆ ‘ನಕಾರ ಪೊಲ್ಲು’ ಬಂದಿದೆ, ಸ್ವರವಿಲ್ಲದ ನಕಾರದ ಹಳೆಯ ಆಕಾರ. ನಮ್ಮ ಚಿಲ್ಲು ಅನ್ನಬಹುದು. ಕೂತಿರುವುದು 3293ರಲ್ಲಿ, ೞದ ಪಕ್ಕದ ಮನೆಯಲ್ಲೇ. ಮಲಯಾಳದಲ್ಲೂ 2016ರಲ್ಲಿ ಇನ್ನು ಮೂರು ಅಪರೂಪದ ಚಿಲ್ಲುಗಳು ಸೇರಿದವು, ಅವುಗಳಲ್ಲಿ ಒಂದು ೞ್ ಚಿಲ್ಲು. ಇಂಥ ಅಕ್ಷರ ಬಂದಾಗ ಸಂತೋಷಪಡುವುದು ಸುಲಭ. ಆದರೆ ಕಲ್ಲಲ್ಲಿ ಪೊಲ್ಲು ಇದ್ದಾಗ ಒಬ್ಬರು ಪೊಲ್ಲು, ಇನ್ನೊಬ್ಬರು ನ್ ಬರೆದರೆ ಮಲಯಾಳದವರ ‘ಅವನ್’ ನಮಗೂ ಗಂಟುಬೀಳುತ್ತದೆ. ಬಳಕೆ ಕಡಿಮೆ ಇರುವಾಗಲೇ, ಅಂದರೆ ಈಗಲೇ, ಒಂದು ಒಪ್ಪಂದ ಮಾಡಿಕೊಳ್ಳುವುದು ಒಳ್ಳೆಯದು. ಅಕ್ಷರ ಕೊಡುವುದು ಯೂನಿಕೋಡಿನ ಕೆಲಸ, ಬಾಳಿಸುವುದು ನಮ್ಮದು. ಮಲಯಾಳದ ೞಕ್ಕೆ ಮಾತಾಡುವ ಜನ ಇದ್ದಾರೆ. ಕನ್ನಡದ ೞಕ್ಕೆ ಉಳಿದಿರುವ ಜನ ಅಂದರೆ ಶಾಸನ, ಹಳಗನ್ನಡ ಓದುವ ನಾವು ಕೆಲವರು. ನಾವೂ ಳ ಒತ್ತಿಬಿಟ್ಟರೆ ಮುಗಿಯಿತು.

ಕೆರೆ ಏರಿಯ ಶಾಸನದ ಕಡತವನ್ನು ತಿದ್ದಿದ್ದೇನೆ. ‘ತಡದ ಶಾಸನ’ ಎಂಬ ನನ್ನ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಕಾಲದ ಬಗ್ಗೆ ಹೇಳಬೇಕಾದದ್ದನ್ನು ಲಿಪಿಯ ಬಾಕಿ ಲಕ್ಷಣಗಳನ್ನು ನೋಡಿ ಬೇರೆಯಾಗಿ ಬರೆಯುತ್ತೇನೆ. ಹಳೆಯ ಕಡತ ತೆಗೆದುಕೊಂಡವರು ದಯವಿಟ್ಟು ಅದನ್ನು ಅಳಿಸಿ ಹೊಸದನ್ನು ಇಟ್ಟುಕೊಳ್ಳಿ. ತಿದ್ದುವಾಗ ಕೊನೆಗೆ ಉಳಿದದ್ದು ಶಾಪಾಶಯದ ಆ ಒಂದು ಪದ. ಧರ್ಮವನ್ನು ಕೆಡಿಸಿದವನಿಗೆ ಶಾಪ ಹಾಕುವ ಪದದಲ್ಲೇ ನಾನು ಒಂದು ಅಕ್ಷರ ಕೆಡಿಸಿದ್ದೆ. ಳ ಅಳಿಸಿ, 3294 ಹಾಕಿ, ಮಾಸ್ತರರಿಗೆ ಫೋನ್ ಮಾಡಿದೆ. “ಸರ, ತಿದ್ದೀನ್ರಿ” ಅಂದೆ. “ಇನ್ನೊಮ್ಮೆ ಕಲ್ಲಿಗೆ ಹೋಗಿ ತಾಳೆ ನೋಡಿದಿ ಏನು?” ಅಂತ ಕೇಳಿದರು. ಈ ಭಾನುವಾರ ಹೋಗಬೇಕು.